ಸರ್ಬಿಯನ್ ಭಾಷೆಯೂ ಲಿಥುವೇನಿಯನ್ ಭಾಷೆಯೂ

೧

ಯೂರೋಪಿನಲ್ಲಿ ಇಂದು ಜನರ ಬಾಯಲ್ಲಿ ಬದುಕಿರುವ ಭಾಷೆಗಳ ಪೈಕಿ ಸಂಸ್ಕೃತಕ್ಕೆ ಅತ್ಯಂತ ಸಮೀಪವಾದುದು ಲಿಥುವೇನಿಯನ್ ಎಂಬ ಮಾತನ್ನು ನಮ್ಮಲ್ಲಿ ಭಾಷಾಶಾಸ್ತ್ರವನ್ನು ಬೋಧಿಸುವವರೂ ಅಭ್ಯಸಿಸುವವರೂ ಸಿದ್ಧಾಂತವೆಂಬಂತೆ ಹೇಳುವುದುಂಟು. ಈ ಮಾತು ನಿರಾಧಾರವಾದುದೆಂದು ಹೇಳುವಂತಿಲ್ಲ. ‘ಸೂನುಃ’ ಎಂಬಲ್ಲಿ ‘ಸೂನುಸ್’ ಎಂದೂ, ‘ಅಗ್ನಿಃ’ ಎಂಬಲ್ಲಿ ‘ಉಗ್ನಿಸ್’ ಎಂದೂ, ‘ವೃಕಃ’ ಎಂಬಲ್ಲಿ ‘ವಿಲ್ಕಸ್’ ಎಂದೂ ಬಾಲ್ಟಿಕ್ ಸಮುದ್ರದ ಸಮೀಪದ ಜನರು ಇಂದಿಗೂ ನುಡಿಯುವರೆಂಬುದನ್ನು ಮೊದಲ ಸಲ ಕೇಳಿದ ಸಂಸ್ಕೃತಜ್ಞನಿಗೆ ಆಶ್ಚರ್ಯವೂ ಆನಂದವೂ ಉಂಟಾಗುವುದು ಸಹಜ. ಆದರೆ ಆಶ್ಚರ್ಯವು ಪ್ರಮಾಣವಾಗಲಾರದು. ‘ಸಮೀಪ’ ಎಂಬ ಆ ಒಂದು ಶಬ್ದದಲ್ಲಿ ರೂಪಸಾಮ್ಯ, ಬಂಧುತ್ವ ಎಂಬ ಎರಡು ಅರ್ಥಗಳು ಬೆರೆತುಹೋಗಿವೆ. ಮುಖ ಹೋಲಿದವರೆಲ್ಲರೂ ಒಡಹುಟ್ಟಿದವರಾಗರು. ಒಡಹುಟ್ಟಿದವರೆಲ್ಲರ ಮುಖವೂ ಹೋಲುವುದಿಲ್ಲ. ಈ ಭೇದವನ್ನು ಮರೆತುದರಿಂದ ಲಿಥುವೇನಿಯನ್ನಿನ ವಿಷಯದಲ್ಲಿ ಅತಿಶಯೋಕ್ತಿಯೂ, ಅದಕ್ಕೆ ನಿಜವಾದ ಬಂಧುಗಳಾದ ಸ್ಲಾವಿಕ್ ಭಾಷೆಗಳ ವಿಷಯದಲ್ಲಿ ಉಪೇಕ್ಷೆಯೂ ಬೆಳೆದುಬಂದಿವೆ.

ಈ ಭ್ರಮೆಯನ್ನು ಪರೀಕ್ಷಿಸುವುದಕ್ಕೆ ಲಿಥುವೇನಿಯನ್ನಿನ ಪಕ್ಕದಲ್ಲಿ ಒಂದು ಸ್ಲಾವಿಕ್ ಭಾಷೆಯನ್ನಿಟ್ಟು ನೋಡುವುದು ಉತ್ತಮ ಮಾರ್ಗ. ಆ ಕಾರ್ಯಕ್ಕೆ ಸರ್ಬಿಯನ್ ಭಾಷೆಯನ್ನೇ ಏಕೆ ಆರಿಸಿಕೊಳ್ಳಬೇಕೆಂಬುದನ್ನು ಮೊದಲು ಹೇಳಬೇಕಾಗಿದೆ. ಪೋಲಿಷ್, ಬೆಲರೂಸಿಯನ್, ರಷ್ಯನ್ ಭಾಷೆಗಳು ಶತಮಾನಗಳ ಕಾಲ ಲಿಥುವೇನಿಯನ್ನಿನ ನೆರೆಯಲ್ಲಿಯೇ ಇದ್ದವು. ಅವುಗಳೊಡನೆ ಕಾಣುವ ಸಾಮ್ಯವು ಪೂರ್ವಜರಿಂದ ಬಂದುದೋ ನೆರೆಹೊರೆಯಿಂದ ಬಂದುದೋ ಎಂಬ ಸಂದೇಹವು ಪ್ರತಿಯೊಂದು ಹೆಜ್ಜೆಯಲ್ಲಿಯೂ ಅಡ್ಡ ಬರುತ್ತದೆ. ಸರ್ಬಿಯನ್ನಿನ ಸ್ಥಿತಿ ಬೇರೆ. ಸ್ಲಾವರು ಕ್ರಿಸ್ತಶಕ ಆರು ಏಳನೆಯ ಶತಮಾನಗಳಲ್ಲಿ ಡ್ಯಾನ್ಯೂಬ್ ನದಿಯನ್ನು ದಾಟಿ ಬಾಲ್ಕನ್ ಪ್ರದೇಶದಲ್ಲಿ ನೆಲೆಸಿದರು. ಅಲ್ಲಿಂದೀಚೆಗೆ ಸರ್ಬಿಯನ್ ಭಾಷೆಗೂ ಲಿಥುವೇನಿಯನ್ ಭಾಷೆಗೂ ನೆರೆತನವಿಲ್ಲ. ಒಂದರ ಮೇಲೆ ಗ್ರೀಕ್, ತುರ್ಕಿ ಭಾಷೆಗಳ ಪ್ರಭಾವ. ಮತ್ತೊಂದರ ಮೇಲೆ ಪೋಲಿಷ್, ಜರ್ಮನ್ ಭಾಷೆಗಳ ಪ್ರಭಾವ. ಆದಕಾರಣ ಇವೆರಡರ ಮೂಲಸ್ವರೂಪದಲ್ಲಿ ಐಕ್ಯವು ಕಂಡುಬಂದಲ್ಲಿ ಅದನ್ನು ಸಾವಿರದ ಮುನ್ನೂರು ವರ್ಷಗಳಿಗಿಂತ ಹಿಂದಣ ಕಾಲಕ್ಕೆ ಒಯ್ಯಬೇಕಾಗುತ್ತದೆ.

ಆದರೂ ಎಚ್ಚರಿಕೆ ಅವಶ್ಯಕ. ಪುಸ್ತಕಕ್ಕೆ ಸರ್ಬಿಯನ್ನಿನಲ್ಲಿ ‘ಕ್ನ್ಯಿಗ’ ಎನ್ನುತ್ತಾರೆ, ಲಿಥುವೇನಿಯನ್ನಿನಲ್ಲಿ ‘ಕ್ನೀಗ’ ಎನ್ನುತ್ತಾರೆ. ಇಷ್ಟು ನಿಕಟವಾದ ಸಾಮ್ಯವು ಬೇರೊಂದಿಲ್ಲವೆಂದು ತೋರಬಹುದು. ಆದರೆ ಇದು ಬಂಧುತ್ವಕ್ಕೆ ಸಾಕ್ಷಿಯೇ ಅಲ್ಲ. ಲಿಥುವೇನಿಯಾ ದೇಶವು ೧೩೮೭ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿತು. ಗ್ರಂಥ, ದೇವಾಲಯ ಮುಂತಾದ ವಸ್ತುಗಳ ಹೆಸರುಗಳನ್ನು ಅದು ನೆರೆಯ ಪೂರ್ವ ಸ್ಲಾವರಿಂದ ತೆಗೆದುಕೊಂಡಿತು. ಸರ್ಬಿಯನ್ನಿನಲ್ಲಿ ಸಕ್ಕರೆಗೆ ‘ಶೆಚೆರ್’ ಎಂದೂ ಲಿಥುವೇನಿಯನ್ನಿನಲ್ಲಿ ‘ತ್ಸುಕ್ರುಸ್’ ಎಂದೂ ಹೆಸರು. ಎರಡೂ ನಮ್ಮ ‘ಶರ್ಕರಾ’ ಶಬ್ದದಿಂದಲೇ ಹೊರಟವು. ಒಂದು ಪಾರಸಿ ತುರ್ಕಿಗಳ ದಾರಿಯಿಂದ, ಮತ್ತೊಂದು ಅರಬ್ಬಿ ಇಟಾಲಿಯನ್ ಜರ್ಮನ್‌ಗಳ ದಾರಿಯಿಂದ ಊರು ಸೇರಿದವು. ಕನ್ನಡದ ‘ಸಕ್ಕರೆ’ಯೂ ಅದೇ ಶಬ್ದದ ತದ್ಭವ. ಇವನ್ನು ನಂಬಿ ಕನ್ನಡಕ್ಕೂ ಲಿಥುವೇನಿಯನ್ನಿಗೂ ಬಂಧುತ್ವವನ್ನು ಯಾರೂ ಕಲ್ಪಿಸರು. ವ್ಯಾಪಾರದ ಸರಕಿನೊಡನೆ ಶಬ್ದವೂ ಸಂಚರಿಸುತ್ತದೆ. ಧ್ವನಿನಿಯಮಗಳಿಗೆ ಒಳಪಟ್ಟು ಬಂದ ಶಬ್ದಗಳೂ, ಸುಲಭವಾಗಿ ಕೈಬದಲಾಗದ ವ್ಯಾಕರಣಪ್ರತ್ಯಯಗಳೂ, ಸ್ವರದ ನಡೆಯೂ ಮಾತ್ರವೇ ಇಲ್ಲಿ ಸಾಕ್ಷಿಗಳಾಗತಕ್ಕವು.

೨

ಎರಡು ಭಾಷೆಗಳ ಲಿಖಿತ ಚರಿತ್ರೆಯಲ್ಲಿಯೇ ಒಂದು ವೈಚಿತ್ರ್ಯವುಂಟು. ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸಹೋದರರು ಒಂಬತ್ತನೆಯ ಶತಮಾನದಲ್ಲಿ ಸ್ಲಾವಿಕ್ ಭಾಷೆಗೆ ಲಿಪಿಯನ್ನು ಕಲ್ಪಿಸಿ ಧರ್ಮಗ್ರಂಥಗಳನ್ನು ಅನುವಾದಿಸಿದರು. ಸರ್ಬಿಯನ್ ಛಾಯೆಯುಳ್ಳ ‘ಮಿರೊಸ್ಲಾವನ ಸುವಾರ್ತೆ’ ಎಂಬ ಹಸ್ತಪ್ರತಿಯು ಹನ್ನೆರಡನೆಯ ಶತಮಾನದ್ದು. ಲಿಥುವೇನಿಯನ್ನಿನ ಪ್ರಥಮ ಮುದ್ರಿತ ಗ್ರಂಥವಾದ ಮಾರ್ತೀನಸ್ ಮಝ್ವೀದಸರ ಧರ್ಮಪ್ರಶ್ನೋತ್ತರಿಯು ಕೋನಿಗ್ಸ್‌ಬರ್ಗ್ ನಗರದಲ್ಲಿ ೧೫೪೭ರಲ್ಲಿ ಹೊರಬಂದಿತು. ಹೀಗೆ ದಾಖಲೆಯಲ್ಲಿ ಕಿರಿಯದಾದ ಭಾಷೆಯು ರೂಪದಲ್ಲಿ ಹಿರಿಯದಾಗಿ ಕಾಣುತ್ತದೆ. ಶಾಸನದ ವಯಸ್ಸು ಬೇರೆ, ಭಾಷಾರೂಪದ ವಯಸ್ಸು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

ಈಗ ಶಬ್ದಗಳನ್ನು ನೋಡೋಣ. ಇಲ್ಲಿ ಝ ಎಂಬ ಅಕ್ಷರವನ್ನು ಶಕಾರದ ಘೋಷರೂಪಕ್ಕೂ, ಚುಕ್ಕೆಯಿಟ್ಟ ಜ಼ ಎಂಬುದನ್ನು ಸಕಾರದ ಘೋಷರೂಪಕ್ಕೂ ಸಂಕೇತವಾಗಿ ಬಳಸಿದೆ. ಮೊದಲನೆಯದು ಸಂಸ್ಕೃತ, ಎರಡನೆಯದು ಲಿಥುವೇನಿಯನ್, ಮೂರನೆಯದು ಸರ್ಬಿಯನ್.

ವೃಕಃ — ವಿಲ್ಕಸ್ — ವೂಕ್
ಸೂನುಃ — ಸೂನುಸ್ — ಸೀನ್
ಧೂಮಃ — ದೂಮೈ — ದಿಮ್
ಜೀವಃ — ಗೀವಸ್ — ಝೀವ್
ಹಿಮ — ಝಿಯೆಮ — ಜ಼ೀಮ (ಚಳಿಗಾಲ)
ಶತಮ್ — ಶಿಮ್ತಸ್ — ಸ್ತೋ
ದಶ — ದೆಶಿಮ್ತ್ — ದೆಸೆತ್
ಚತ್ವಾರಃ — ಕೆತುರಿ — ಚೆತಿರಿ
ಭೂರ್ಜಃ — ಬೆರ್ಝಸ್ — ಬ್ರೆಜ಼

ಈ ಪಟ್ಟಿಯನ್ನು ಓದಿದೊಡನೆ ಲಿಥುವೇನಿಯನ್ನಿನ ಪಕ್ಷಕ್ಕೆ ಮನಸ್ಸು ವಾಲುತ್ತದೆ. ಸಂಸ್ಕೃತದ ವಿಸರ್ಗದ ಸ್ಥಾನದಲ್ಲಿ ಅದು ಸಕಾರವನ್ನು ಪೂರ್ಣವಾಗಿ ಉಚ್ಚರಿಸುತ್ತದೆ. ಸರ್ಬಿಯನ್ ಪದಾಂತವನ್ನೆಲ್ಲ ಕಳೆದುಕೊಂಡು ಒಂದೇ ಅಕ್ಷರದಷ್ಟಾಗಿ ಕುಗ್ಗಿದೆ. ಸ್ಲಾವಿಕ್ ಮೂಲಭಾಷೆಯು ಯಾವ ಅಕ್ಷರವೂ ವ್ಯಂಜನದಲ್ಲಿ ಮುಗಿಯಲಾಗದೆಂಬ ನಿಯಮಕ್ಕೆ ಒಳಗಾಗಿ ಪದಾಂತದ ವ್ಯಂಜನಗಳನ್ನು ತ್ಯಜಿಸಿತು; ಆ ನಿಯಮದ ಬಲದಿಂದಲೇ ‘ಬೆರ್ಝ’ ಎಂಬಂತಹ ರೂಪವು ‘ಬ್ರೆಜ಼’ ಎಂದೂ, ‘ಗಲ್ವ’ ಎಂಬಂತಹುದು ‘ಗ್ಲಾವ’ ಎಂದೂ ತಿರುಗಿತು. ‘ವಿಲ್ಕಸ್’ ಎಂಬುದಕ್ಕೆ ಸಮಾನವಾದುದು ಸರ್ಬಿಯನ್ನಿನಲ್ಲಿ ಲಕಾರವನ್ನು ಸ್ವರವಾಗಿಸಿಕೊಂಡು ‘ವೂಕ್’ ಎಂದಾಯಿತು.

ಆದರೆ ಈ ಪಟ್ಟಿಯು ಬೇರೊಂದು ಪಾಠವನ್ನೂ ಹೇಳುತ್ತದೆ. ‘ಜೀವಃ’ ಎಂಬುದಕ್ಕೆ ‘ಝೀವ್’ ಎಂಬುದು ‘ಗೀವಸ್’ ಎಂಬುದಕ್ಕಿಂತ ಹತ್ತಿರವಾಗಿ ಕೇಳಿಸುತ್ತದೆ. ‘ಚತ್ವಾರಃ’ ಎಂಬುದಕ್ಕೆ ‘ಚೆತಿರಿ’ ಎಂಬುದು ‘ಕೆತುರಿ’ ಎಂಬುದಕ್ಕಿಂತ ಹತ್ತಿರ. ಹಾಗಾದರೆ ಇಲ್ಲಿ ಸರ್ಬಿಯನ್ನೇ ಸಂಸ್ಕೃತದ ಬಂಧುವೆನ್ನಬೇಕೆ? ಖಂಡಿತವಾಗಿ ಇಲ್ಲ. ಮೂಲದಲ್ಲಿ ಇದ್ದ ಕಂಠ್ಯವರ್ಣವು ತಾಲವ್ಯಸ್ವರದ ಮುಂದೆ ಸಂಸ್ಕೃತದಲ್ಲಿಯೂ ಸ್ಲಾವಿಕ್‌ನಲ್ಲಿಯೂ ಬೇರೆ ಬೇರೆ ಕಾಲಗಳಲ್ಲಿ, ಪರಸ್ಪರ ಸಂಬಂಧವಿಲ್ಲದೆ, ತಾಲವ್ಯವಾಗಿ ಮಾರ್ಪಟ್ಟಿತು. ಲಿಥುವೇನಿಯನ್ ಇಲ್ಲಿ ಸಂಸ್ಕೃತಕ್ಕಿಂತಲೂ ಹಳೆಯ ವ್ಯಂಜನವನ್ನು ಉಳಿಸಿಕೊಂಡಿದೆ. ಹೀಗೆ ಸಂಸ್ಕೃತದೊಡನೆ ಸಾಮ್ಯವು ಪ್ರಾಚೀನತೆಯ ಗುರುತಾಗಿಯೇ ಇರಬೇಕೆಂಬ ನಿಯಮವಿಲ್ಲ. ಸಂಸ್ಕೃತವೂ ತನ್ನ ದಾರಿಯಲ್ಲಿ ಮಾರ್ಪಾಡು ಹೊಂದಿದ ಭಾಷೆಯೇ. ಅದನ್ನು ಅಳತೆಗೋಲಾಗಿ ಹಿಡಿದವನು ಅಳತೆಗೋಲನ್ನೂ ಪರೀಕ್ಷಿಸಬೇಕು.

೩

ನಾಮಪದಗಳ ವಿಚಾರಕ್ಕೆ ಬಂದರೆ ಎರಡು ಭಾಷೆಗಳಲ್ಲಿಯೂ ಸಂಬೋಧನವನ್ನು ಸೇರಿಸಿ ಏಳು ವಿಭಕ್ತಿಗಳುಂಟೆಂದು ವ್ಯಾಕರಣಗಳು ಹೇಳುತ್ತವೆ. ಸಂಖ್ಯೆ ಒಂದೇ ಆದರೂ ವಸ್ತುವು ಒಂದೇ ಅಲ್ಲ. ಲಿಥುವೇನಿಯನ್ನಿನ ಏಕವಚನದಲ್ಲಿ ತೃತೀಯೆ, ಚತುರ್ಥಿ, ಸಪ್ತಮಿಗಳು ಬೇರೆ ಬೇರೆಯಾಗಿವೆ. ಆದರೆ ಅದರ ಸಪ್ತಮಿಯು ನಮ್ಮ ಪಾಣಿನಿಯ ಸಪ್ತಮಿಯ ನೇರವಾದ ವಂಶಜವಲ್ಲ. ಹಳೆಯ ರೂಪಕ್ಕೆ ‘ಒಳಗೆ’ ಎಂಬರ್ಥದ ಅವ್ಯಯವು ಹಿಂದಿನಿಂದ ಅಂಟಿಕೊಂಡು ಹುಟ್ಟಿದ ಹೊಸ ವಿಭಕ್ತಿ ಅದು. ‘ಒಳಕ್ಕೆ’ ಎಂಬ ಗತಿಯನ್ನು ಸೂಚಿಸುವ ಮತ್ತೊಂದು ರೂಪವೂ ಹಳೆಯ ಗ್ರಂಥಗಳಲ್ಲಿಯೂ ಪ್ರಾಂತಭಾಷೆಗಳಲ್ಲಿಯೂ ಇದೇ ರೀತಿಯಲ್ಲಿ ಹುಟ್ಟಿಕೊಂಡಿತು. ಸರ್ಬಿಯನ್ನಿನಲ್ಲಾದರೋ ಚತುರ್ಥಿಯೂ ಸಪ್ತಮಿಯೂ ರೂಪದಲ್ಲಿ ಬಹುಮಟ್ಟಿಗೆ ಒಂದಾಗಿವೆ. ಬಹುವಚನದಲ್ಲಿ ತೃತೀಯೆಯೂ ಅವುಗಳೊಡನೆ ಸೇರಿ ಮೂರಕ್ಕೂ ಒಂದೇ ಪ್ರತ್ಯಯವಾಗಿದೆ.

ಲಿಂಗದ ವಿಷಯದಲ್ಲಿ ತಕ್ಕಡಿಯು ಮತ್ತೊಂದು ಕಡೆಗೆ ತೂಗುತ್ತದೆ. ಸಂಸ್ಕೃತದ ಮೂರು ಲಿಂಗಗಳನ್ನು ಸರ್ಬಿಯನ್ ಇಂದಿಗೂ ಕಾಪಾಡಿಕೊಂಡಿದೆ. ಲಿಥುವೇನಿಯನ್ನಿನ ನಾಮಪದಗಳಲ್ಲಿ ನಪುಂಸಕಲಿಂಗವು ಅಳಿದುಹೋಗಿದೆ. ವಿಶೇಷಣಗಳಲ್ಲಿಯೂ ಸರ್ವನಾಮಗಳಲ್ಲಿಯೂ ಅದರ ಅವಶೇಷವಿದೆ. ‘ಶತಮ್’ ಎಂಬ ನಪುಂಸಕವು ಅಲ್ಲಿ ‘ಶಿಮ್ತಸ್’ ಎಂಬ ಪುಲ್ಲಿಂಗವಾಗಿರುವುದನ್ನು ವಾಚಕರು ಮೇಲಿನ ಪಟ್ಟಿಯಲ್ಲಿಯೇ ಗಮನಿಸಬಹುದು.

ದ್ವಿವಚನದ ಕಥೆ ಇನ್ನೂ ಸ್ವಾರಸ್ಯವಾದುದು. ಲಿಥುವೇನಿಯನ್ ದ್ವಿವಚನವನ್ನು ಉಳಿಸಿಕೊಂಡಿದೆಯೆಂಬುದು ಅದರ ಪ್ರಾಚೀನತೆಗೆ ಹೇಳುವ ಮುಖ್ಯ ನಿದರ್ಶನಗಳಲ್ಲಿ ಒಂದು. ಹಳೆಯ ಗ್ರಂಥಗಳಲ್ಲಿಯೂ ಕೆಲವು ಪ್ರಾಂತಭಾಷೆಗಳಲ್ಲಿಯೂ ಅದು ನಿಜ. ಇಂದಿನ ಗ್ರಾಂಥಿಕಭಾಷೆಯಲ್ಲಿ ‘ಎರಡು ತೋಳಗಳು’ ಎಂಬುದಕ್ಕೆ ಬಹುವಚನವೇ ಬಳಕೆಯಾಗಿದೆ. ಸರ್ಬಿಯನ್ನಿನಲ್ಲಿ ದ್ವಿವಚನವಿಲ್ಲವೆಂದು ವ್ಯಾಕರಣಗಳು ಹೇಳುತ್ತವೆ. ಆದರೂ ಸರ್ಬರು ‘ದ್ವಾ ವೂಕ’, ಎರಡು ತೋಳ, ಎಂದಾಗ ಬಳಸುವ ಆ ಅಕಾರಾಂತ ರೂಪವು ಹಳೆಯ ದ್ವಿವಚನವೇ ಆಗಿದೆ. ಮೂರು ನಾಲ್ಕು ಸಂಖ್ಯೆಗಳಿಗೂ ಅದು ಈಗ ವ್ಯಾಪಿಸಿದೆ. ಬಹುವಚನದ ಮೂರು ವಿಭಕ್ತಿಗಳಿಗೆ ಬರುವ ‘ಇಮ’, ‘ಅಮ’ ಎಂಬ ಪ್ರತ್ಯಯಗಳಲ್ಲಿಯೂ ದ್ವಿವಚನದ ಪ್ರತ್ಯಯವು ಅಡಗಿದೆ. ಹೆಸರು ಉಳಿದ ಕಡೆ ವಸ್ತುವು ನಶಿಸಿದೆ. ಹೆಸರು ಅಳಿದ ಕಡೆ ವಸ್ತುವು ದಿನದಿನದ ಮಾತಿನಲ್ಲಿ ಬದುಕಿದೆ.

ಕ್ರಿಯಾಪದಗಳಲ್ಲಿಯೂ ಲಾಭನಷ್ಟಗಳು ಹೀಗೆಯೇ ಹಂಚಿಹೋಗಿವೆ. ಸಂಸ್ಕೃತದ ‘ದಾಸ್ಯತಿ’ ಎಂಬಲ್ಲಿರುವ ಸಕಾರಯುಕ್ತ ಭವಿಷ್ಯತ್ತು ಲಿಥುವೇನಿಯನ್ನಿನಲ್ಲಿ ‘ದುವೊಸ್’ ಎಂದು ಜೀವಂತವಾಗಿದೆ. ಸರ್ಬಿಯನ್ ಅದನ್ನು ಬಿಟ್ಟು, ‘ಬಯಸು’ ಎಂಬರ್ಥದ ಸಹಾಯಕ್ರಿಯೆಯಿಂದ ಭವಿಷ್ಯತ್ತನ್ನು ಕಟ್ಟಿಕೊಂಡಿದೆ. ಈ ಪದ್ಧತಿಯು ಗ್ರೀಕ್, ಬಲ್ಗೇರಿಯನ್ ಮುಂತಾದ ಬಾಲ್ಕನ್ ಭಾಷೆಗಳಲ್ಲಿಯೂ ಉಂಟು. ಆದರೆ ನಮ್ಮ ಲುಙ್ ಲಕಾರಕ್ಕೆ ಸಮಾನವಾದ ಭೂತರೂಪವನ್ನು, ಅಂದರೆ ‘ರೆಕೊಹ್’ (ಹೇಳಿದೆನು) ಎಂಬಂತಹ ರೂಪವನ್ನು, ಸರ್ಬಿಯನ್ ಉಳಿಸಿಕೊಂಡಿದೆ. ಅದರ ಕೊನೆಯ ಹಕಾರವು ಹಳೆಯ ಸಕಾರದ ವಿಕಾರ. ಲಿಥುವೇನಿಯನ್ನಿನಲ್ಲಿ ಆ ಲಕಾರದ ಹೆಸರೂ ಇಲ್ಲ. ಇಷ್ಟೇ ಅಲ್ಲದೆ ಲಿಥುವೇನಿಯನ್ನಿನ ಪ್ರಥಮಪುರುಷದಲ್ಲಿ ಏಕವಚನ ಬಹುವಚನಗಳ ಭೇದವೇ ಅಳಿದುಹೋಗಿದೆ: ‘ಅವನು ಹೋಗುತ್ತಾನೆ’, ‘ಅವರು ಹೋಗುತ್ತಾರೆ’ ಎಂಬ ಎರಡಕ್ಕೂ ‘ಏಯ್ನ’ ಎಂಬ ಒಂದೇ ಕ್ರಿಯಾರೂಪ. ಸರ್ಬಿಯನ್ನಿನಲ್ಲಿ ‘ಇದೆ’, ‘ಇದು’ ಎಂದು ಭೇದವುಂಟು. ‘ಅಸ್ಮಿ’ ಎಂಬುದಕ್ಕೆ ಸಮಾನವಾಗಿ ಉದಾಹರಿಸುವ ‘ಎಸ್ಮಿ’ ಎಂಬ ಪ್ರಸಿದ್ಧ ರೂಪವು ಇಂದಿನ ಲಿಥುವೇನಿಯನ್ನಿನಲ್ಲಿ ಹಳೆಯದಾಗಿ ‘ಎಸು’ ಎಂಬುದಕ್ಕೆ ಎಡೆಗೊಟ್ಟಿದೆ. ಸರ್ಬಿಯನ್ನಿನ ‘ಯೆಸಮ್’ ಎಂಬುದರಲ್ಲಿ ಆ ಮಕಾರವು ಇನ್ನೂ ಕೇಳಿಸುತ್ತದೆ.

೪

ಇದುವರೆಗೆ ನೋಡಿದ್ದು ಯಾವ ಭಾಷೆ ಏನನ್ನು ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂಬ ಲೆಕ್ಕ. ಆದರೆ ಬಂಧುತ್ವನಿರ್ಣಯಕ್ಕೆ ಈ ಲೆಕ್ಕವು ಸಾಲದು. ಹಿರಿಯರ ಆಸ್ತಿಯಲ್ಲಿ ಇಬ್ಬರು ದೂರದ ದಾಯಾದಿಗಳು ಒಂದೇ ಪಾತ್ರೆಯನ್ನು ಕಾಪಾಡಿಕೊಂಡಿದ್ದರೆ ಅವರು ಒಂದೇ ಮನೆಯಲ್ಲಿ ಬೆಳೆದರೆಂದು ಹೇಳಲಾಗದು. ಒಟ್ಟಿಗೆ ಹೊಸದಾಗಿ ಮಾಡಿಸಿದ ಪಾತ್ರೆಯು ಇಬ್ಬರಲ್ಲಿಯೂ ಇದ್ದರೆ ಆಗ ಸಹವಾಸವು ಸಿದ್ಧವಾಗುತ್ತದೆ. ಭಾಷೆಗಳಲ್ಲಿಯೂ ಹಾಗೆಯೇ: ಉಳಿಕೆಯ ಸಾಮ್ಯವು ದುರ್ಬಲ ಸಾಕ್ಷಿ, ಜತೆಯಾಗಿ ಮಾಡಿಕೊಂಡ ಮಾರ್ಪಾಡು ಪ್ರಬಲ ಸಾಕ್ಷಿ. ಲಿಥುವೇನಿಯನ್ನಿಗೂ ಸಂಸ್ಕೃತಕ್ಕೂ ನಡುವೆ ಇರುವುದು ಪ್ರಾಯಶಃ ಮೊದಲನೆಯ ಬಗೆಯದು. ಲಿಥುವೇನಿಯನ್ನಿಗೂ ಸರ್ಬಿಯನ್ನಿಗೂ ನಡುವೆ ಎರಡನೆಯ ಬಗೆಯ ಸಾಕ್ಷಿಗಳು ಹಲವು ದೊರೆಯುತ್ತವೆ.

ಒಂದನೆಯದಾಗಿ, ‘ವೃಕ’ ಮುಂತಾದ ಅಕಾರಾಂತ ಶಬ್ದಗಳ ಷಷ್ಠೀ ವಿಭಕ್ತಿ. ಸಂಸ್ಕೃತದಲ್ಲಿ ಷಷ್ಠಿಗೆ ‘ವೃಕಸ್ಯ’ ಎಂದೂ ಪಂಚಮಿಗೆ ‘ವೃಕಾತ್’ ಎಂದೂ ರೂಪ. ಲಿಥುವೇನಿಯನ್ನಿನ ‘ವಿಲ್ಕೋ’, ಸರ್ಬಿಯನ್ನಿನ ‘ವೂಕ’ ಎಂಬ ಷಷ್ಠೀರೂಪಗಳೆರಡೂ ಈ ‘ವೃಕಾತ್’ ಎಂಬ ಪಂಚಮಿಯ ವಂಶದವು. ಪಂಚಮಿಯು ಷಷ್ಠಿಯ ಪೀಠವನ್ನು ಆಕ್ರಮಿಸಿದ್ದು ಇವೆರಡಕ್ಕೂ ಸಾಧಾರಣವಾದ ನೂತನ ಕ್ರಮ. ಎರಡನೆಯದಾಗಿ, ವಿಶೇಷಣದ ಕೊನೆಗೆ ಒಂದು ಸರ್ವನಾಮವನ್ನು ಅಂಟಿಸಿ ನಿರ್ದಿಷ್ಟಾರ್ಥವನ್ನು ಸೂಚಿಸುವುದು: ಲಿಥುವೇನಿಯನ್ನಿನಲ್ಲಿ ‘ಗೇರಸ್’ ಎಂದರೆ ಒಳ್ಳೆಯ, ‘ಗೆರಾಸಿಸ್’ ಎಂದರೆ ಆ ಗೊತ್ತಾದ ಒಳ್ಳೆಯ; ಸರ್ಬಿಯನ್ನಿನಲ್ಲಿ ‘ದೊಬರ್’, ‘ದೊಬ್ರಿ’ ಎಂದು ಇದೇ ಭೇದ. ಮೂರನೆಯದಾಗಿ, ಸಂಸ್ಕೃತದ ‘ನವ’ ಎಂಬ ಸಂಖ್ಯೆಯ ಮೊದಲ ನಕಾರವು ದಕಾರವಾಗಿ ಲಿಥುವೇನಿಯನ್ನಿನಲ್ಲಿ ‘ದೆವೀನಿ’ ಎಂದೂ ಸರ್ಬಿಯನ್ನಿನಲ್ಲಿ ‘ದೆವೆತ್’ ಎಂದೂ ಆಗಿದೆ. ನಾಲ್ಕನೆಯದಾಗಿ, ತಲೆಗೆ ‘ಗಲ್ವ’, ‘ಗ್ಲಾವ’. ಕೈಗೆ ‘ರಂಕ’, ‘ರೂಕ’. ಕೊಂಬಿಗೆ ‘ರಾಗಸ್’, ‘ರೋಗ್’: ಅಂಗಾಂಗಗಳ ಈ ಹೆಸರುಗಳು ಸಂಸ್ಕೃತದ ಶಿರಸ್, ಹಸ್ತ, ಶೃಂಗಗಳನ್ನು ಬಿಟ್ಟು ಇವೆರಡು ಶಾಖೆಗಳಲ್ಲಿ ಒಂದಾಗಿವೆ. ಇವುಗಳ ಜತೆಗೆ ೧೯೭೮ರಲ್ಲಿ ವರ್ನರ್ ವಿಂಟರ್ ಎಂಬ ಪಂಡಿತರು ಪ್ರಕಟಿಸಿದ ಒಂದು ಧ್ವನಿನಿಯಮವನ್ನೂ ಎಣಿಸಬೇಕು: ಸಂಸ್ಕೃತದ ‘ಅದ್’, ‘ಸದ್’ ಧಾತುಗಳಲ್ಲಿ ಕಾಣುವಂತಹ ಅಲ್ಪಪ್ರಾಣ ಘೋಷವ್ಯಂಜನದ ಹಿಂದಿನ ಹ್ರಸ್ವವು ಬಾಲ್ಟಿಕ್ ಸ್ಲಾವಿಕ್‌ಗಳೆರಡರಲ್ಲಿಯೂ ದೀರ್ಘವಾಯಿತೆಂಬುದು ಅದರ ತಾತ್ಪರ್ಯ.

ಆದರೆ ಎಲ್ಲಕ್ಕಿಂತಲೂ ಸೂಕ್ಷ್ಮವಾದ ಸಾಕ್ಷಿಯು ಸ್ವರದ್ದು. ಉದಾತ್ತಾದಿ ಸ್ವರಗಳ ಪರಿಚಯವುಳ್ಳ ನಮ್ಮ ವೈದಿಕ ವಿದ್ವಾಂಸರು ಇದನ್ನು ಸುಲಭವಾಗಿ ಗ್ರಹಿಸುವರು. ಈ ಎರಡು ಭಾಷೆಗಳಲ್ಲಿಯೂ ಸ್ವರದ ಸ್ಥಾನವೂ ಅದರ ಏರಿಳಿತವೂ ಅರ್ಥಭೇದಕ್ಕೆ ಕಾರಣವಾಗಬಲ್ಲವು. ಲಿಥುವೇನಿಯನ್ನಿನಲ್ಲಿ ‘ವರ್ನ’ ಎಂದರೆ ಹೆಣ್ಣುಲಿಂಗದ ಕಾಗೆ. ಅದರ ಮೊದಲ ಅಕ್ಷರದ ಸ್ವರವು ಇಳಿಯುತ್ತದೆ. ‘ವರ್ನಸ್’ ಎಂದರೆ ಕಾಡುಕಾಗೆ. ಅಲ್ಲಿ ಸ್ವರವು ಏರುತ್ತದೆ. ಸರ್ಬಿಯನ್ನಿನಲ್ಲಿ ‘ವ್ರನ’ ಎಂಬುದಕ್ಕೆ ಹ್ರಸ್ವವಾದ ಇಳಿಸ್ವರ. ‘ವ್ರಾನ್’ ಎಂಬುದಕ್ಕೆ ದೀರ್ಘವಾದ ಇಳಿಸ್ವರ. ಒಂದು ಭಾಷೆಯ ಏರಿಳಿತದ ಭೇದವು ಮತ್ತೊಂದರಲ್ಲಿ ಹ್ರಸ್ವದೀರ್ಘಭೇದವಾಗಿ ಪ್ರತಿಫಲಿಸಿದೆ. ಎರಡು ದೂರದೇಶಗಳಲ್ಲಿ ಎರಡು ಹಕ್ಕಿಗಳ ಹೆಸರು ಈ ನಿಯಮವನ್ನು ತಪ್ಪದೆ ನಡೆಸಿಕೊಂಡು ಬಂದಿರುವುದನ್ನು ಆಕಸ್ಮಿಕವೆನ್ನುವುದು ಅಸಾಧ್ಯ.

ಮೂಲದಲ್ಲಿ ಇದ್ದ ಸ್ವರಸ್ಥಾನವನ್ನು ಎರಡು ಭಾಷೆಗಳೂ ಹಾಗೆಯೇ ಉಳಿಸಿಲ್ಲ. ಫರ್ಡಿನಂಡ್ ದ ಸೊಸ್ಯೂರ್ ಅವರು ೧೮೯೪ ಮತ್ತು ೧೮೯೬ರ ಲೇಖನಗಳಲ್ಲಿ ತೋರಿಸಿದಂತೆ ಲಿಥುವೇನಿಯನ್ನಿನಲ್ಲಿ ಕೆಲವು ಸಂದರ್ಭಗಳಲ್ಲಿ ಸ್ವರವು ಒಂದು ಅಕ್ಷರ ಮುಂದಕ್ಕೆ ಸರಿಯಿತು; ಆದ್ದರಿಂದಲೇ ‘ರಂಕ’ ಎಂಬ ಪ್ರಥಮೆಯಲ್ಲಿ ಸ್ವರವು ಕೊನೆಯಲ್ಲಿಯೂ ‘ರಂಕೋಸ್’ ಎಂಬ ಷಷ್ಠಿಯಲ್ಲಿ ಮೊದಲಿನಲ್ಲಿಯೂ ಇದೆ. ಗ್ರಾಂಥಿಕ ಸರ್ಬಿಯನ್ನಿನಲ್ಲಿ ಇದಕ್ಕೆ ವಿರುದ್ಧವಾಗಿ ಸ್ವರವು ಒಂದು ಅಕ್ಷರ ಹಿಂದಕ್ಕೆ ಸರಿಯಿತು. ಹಾಗೆ ಸರಿದು ಬಂದ ಕಡೆಗಳಲ್ಲೆಲ್ಲ ಏರುಸ್ವರವು ಹುಟ್ಟಿತು. ತಲೆ ಎಂಬರ್ಥದ ‘ಗ್ಲಾವ’ ಶಬ್ದದ ಮೊದಲ ಅಕ್ಷರವು ಪ್ರಥಮೆಯಲ್ಲಿ ಏರುತ್ತದೆ. ದ್ವಿತೀಯೆಯಾದ ‘ಗ್ಲಾವು’ ಎಂಬಲ್ಲಿ ಇಳಿಯುತ್ತದೆ. ಏಕೆಂದರೆ ಪ್ರಥಮೆಯಲ್ಲಿ ಸ್ವರವು ಮೊದಲು ಕೊನೆಯಲ್ಲಿತ್ತು. ದ್ವಿತೀಯೆಯಲ್ಲಿ ಆದಿಯಲ್ಲಿಯೇ ಇತ್ತು. ಲಿಥುವೇನಿಯನ್ನಿ‌ನ ‘ಗಲ್ವ’ ಶಬ್ದವನ್ನು ನೋಡಿದರೆ ಪ್ರಥಮೆಯಲ್ಲಿ ಇಂದಿಗೂ ಅಂತ್ಯಸ್ವರ, ದ್ವಿತೀಯೆಯಲ್ಲಿ ಆದಿಸ್ವರ. ಸರ್ಬಿಯನ್ನಿನ ಏರುಸ್ವರವು, ಕಳೆದುಹೋದ ಸ್ಥಾನದ ಹೆಜ್ಜೆಗುರುತು. ಅದನ್ನು ಓದುವ ಕೀಲಿಯು ಲಿಥುವೇನಿಯನ್ನಿನಲ್ಲಿದೆ.

ಇನ್ನು ‘ಧೂಮ’ ಶಬ್ದವನ್ನು ತೆಗೆದುಕೊಳ್ಳೋಣ. ವೇದದಲ್ಲಿ ಇದು ಅಂತೋದಾತ್ತ. ಲಿಥುವೇನಿಯನ್ನಿನ ‘ದೂಮೈ’ ಆದಿಸ್ವರವುಳ್ಳದ್ದು. ಸರ್ಬಿಯನ್ನಿನ ‘ದಿಮ್’ ಶಬ್ದದ ಹ್ರಸ್ವ ಇಳಿಸ್ವರವೂ ಮೂಲತಃ ಆದಿಸ್ವರವನ್ನೇ ಸೂಚಿಸುತ್ತದೆ. ಹಿಂದಿನ ಅಕ್ಷರವು ಒಂದು ಬಗೆಯ ದೀರ್ಘವಾಗಿದ್ದಾಗ ಸ್ವರವು ಅದರ ಮೇಲಕ್ಕೆ ಸರಿಯಿತೆಂಬ ಈ ನಿಯಮವನ್ನು ಹರ್ಮನ್ ಹಿರ್ಟ್ ಎಂಬವರು ೧೮೯೫ರಲ್ಲಿ ನಿರೂಪಿಸಿದರು. ಇಲ್ಲಿ ಲಿಥುವೇನಿಯನ್ ವೇದಭಾಷೆಯನ್ನು ಬಿಟ್ಟು ಸರ್ಬಿಯನ್ನಿನ ಜತೆಗೆ ನಿಂತಿದೆ. ಧೂಮವನ್ನು ಕಂಡು ಅಗ್ನಿಯನ್ನು ಅನುಮಾನಿಸುವುದು ನಮ್ಮ ತಾರ್ಕಿಕರ ಪ್ರಸಿದ್ಧ ದೃಷ್ಟಾಂತ. ಈ ಒಂದು ಧೂಮಶಬ್ದದಿಂದ ಎರಡು ಶಾಖೆಗಳು ಒಂದೇ ಒಲೆಯ ಸುತ್ತ ಕುಳಿತಿದ್ದ ಕಾಲವನ್ನು ನಾವು ಅನುಮಾನಿಸಬಹುದಾಗಿದೆ.

೫

ಈ ಐಕ್ಯವನ್ನು ಪಂಡಿತರೆಲ್ಲರೂ ಒಪ್ಪಿದವರಲ್ಲ. ೧೮೫೨ರಲ್ಲಿ ಪ್ರಷ್ಯಾದ ಲಿಥುವೇನಿಯನ್ ಹಳ್ಳಿಗಳಿಗೆ ಹೋಗಿ ಜನರಿಂದಲೇ ಭಾಷೆಯನ್ನು ಕಲಿತ ಔಗುಸ್ಟ್ ಶ್ಲೈಖರ್ ಅವರು ಭಾಷೆಗಳ ವಂಶವೃಕ್ಷದಲ್ಲಿ ಬಾಲ್ಟಿಕ್ ಸ್ಲಾವಿಕ್‌ಗಳಿಗೆ ಒಂದೇ ಕೊಂಬೆಯನ್ನು ಕೊಟ್ಟರು. ೧೯೦೮ರಲ್ಲಿ ಫ್ರಾನ್ಸಿನ ಆಂತ್ವಾನ್ ಮೇಯೆ ಅವರು ಇದನ್ನು ನಿರಾಕರಿಸಿ, ಸಾಮ್ಯಗಳೆಲ್ಲ ಸಮಾನಸ್ಥಿತಿಯಿಂದ ಹೊರಟ ಎರಡು ಭಾಷೆಗಳ ಪ್ರತ್ಯೇಕ ಬೆಳವಣಿಗೆಗಳೆಂದು ವಾದಿಸಿದರು. ೧೯೧೧ರಲ್ಲಿ ಲಾಟ್ವಿಯದ ಯಾನಿಸ್ ಎಂಡ್ಜೆಲೀನ್ಸ್ ಅವರು ಮಧ್ಯಮಾರ್ಗವನ್ನು ಹಿಡಿದು, ಮೊದಲು ಬೇರೆಯಾಗಿದ್ದ ಶಾಖೆಗಳು ಅನಂತರ ಒಂದು ಕಾಲದಲ್ಲಿ ಸಹಜೀವನ ನಡೆಸಿದವೆಂದರು. ೧೯೫೮ರಲ್ಲಿ ಇವಾನೊವ್ ಮತ್ತು ತೊಪೊರೊವ್ ಎಂಬವರು ಸ್ಲಾವಿಕ್ ರಚನೆಯನ್ನು ಬಾಲ್ಟಿಕ್ ರಚನೆಯಿಂದಲೇ ಹೊರಡಿಸಬಹುದೆಂದು ಸೂಚಿಸಿದರು. ಇಂದು ಬಹುಮಂದಿ ವಿದ್ವಾಂಸರು ಏಕಶಾಖೆಯ ಪಕ್ಷವನ್ನೇ ಅಂಗೀಕರಿಸುತ್ತಾರೆ. ಸ್ವರಶಾಸ್ತ್ರದ ಬೆಳವಣಿಗೆಯು, ಮುಖ್ಯವಾಗಿ ೧೯೬೩ರಲ್ಲಿ ಪ್ರಕಟವಾದ ಇಲ್ಲಿಚ್-ಸ್ವಿತಿಚ್ ಅವರ ಗ್ರಂಥವು, ಆ ಪಕ್ಷವನ್ನು ಬಲಪಡಿಸಿತು.

ಮೇಯೆ ಅವರ ಎಚ್ಚರಿಕೆಯು ಸರ್ವಥಾ ತಿರಸ್ಕಾರಯೋಗ್ಯವೆಂದು ನಮಗೆ ತೋರುವುದಿಲ್ಲ. ಪ್ರತ್ಯೇಕವಾಗಿ ನಡೆದ ಮಾರ್ಪಾಡುಗಳು ಒಂದೇ ರೂಪಕ್ಕೆ ಬರಬಹುದೆಂಬುದನ್ನು ‘ಜೀವ’, ‘ಝೀವ್’ ಶಬ್ದಗಳಲ್ಲಿ ನಾವೇ ಕಂಡೆವು. ಇದಕ್ಕಿಂತ ದೊಡ್ಡ ತೊಡಕೂ ಒಂದುಂಟು. ಬಾಲ್ಟಿಕ್ ಶಾಖೆಗೆ ಸೇರಿ ಹದಿನೆಂಟನೆಯ ಶತಮಾನದ ಆರಂಭದ ಹೊತ್ತಿಗೆ ಅಳಿದುಹೋದ ಪ್ರಾಚೀನ ಪ್ರಷ್ಯನ್ ಭಾಷೆಯಲ್ಲಿ, ೧೫೪೫ ಮತ್ತು ೧೫೬೧ರ ಧರ್ಮಪ್ರಶ್ನೋತ್ತರಿಗಳು ತೋರಿಸುವಂತೆ, ಅಕಾರಾಂತ ಶಬ್ದದ ಷಷ್ಠಿಯು ‘ಅಸ್’ ಎಂದು ಮುಗಿಯುತ್ತದೆ. ‘ಒಂಬತ್ತನೆಯ’ ಎಂಬ ಶಬ್ದವು ನಕಾರದಿಂದಲೇ ಆರಂಭವಾಗುತ್ತದೆ. ಲಿಥುವೇನಿಯನ್ನಿನ ಒಡಹುಟ್ಟಿದ ಭಾಷೆಯೇ ಎರಡು ಕಡೆ ಅದನ್ನು ಬಿಟ್ಟು ನಿಂತಿರುವಾಗ, ಕೊಂಬೆಯಿಂದ ಕೊಂಬೆ ಅಚ್ಚುಕಟ್ಟಾಗಿ ಒಡೆಯುವ ವೃಕ್ಷದ ಚಿತ್ರವು ಸಾಲದು. ವೃಕ್ಷವೆಂಬುದು ಉಪಮೆ, ಭಾಷೆಗಳ ಜೀವನದಲ್ಲಿ ಅಗಲಿಕೆಯ ಜತೆಗೆ ಮರುಕೂಡುವಿಕೆಯೂ ಉಂಟು. ಸ್ವರದ ಸಾಕ್ಷಿಯು ಏಕಶಾಖೆಯನ್ನು ಸ್ಥಾಪಿಸುತ್ತದೆಂದೂ, ಪ್ರತ್ಯಯಗಳ ಸಾಕ್ಷಿಯಲ್ಲಿ ಕೆಲವಂಶವು ಅನಂತರದ ಸಹವಾಸದ ಫಲವಾಗಿರಬಹುದೆಂದೂ ಹೇಳುವುದು ನಮಗೆ ಯುಕ್ತವಾಗಿ ಕಾಣುತ್ತದೆ.

೬

ಈ ವಿವಾದವು ಗ್ರಂಥಾಲಯದೊಳಗಿನದು ಮಾತ್ರವೆಂದು ಭಾವಿಸಬಾರದು. ಸರ್ಬಿಯನ್ನಿನಲ್ಲಿ ಜನರ ಆಡುಮಾತನ್ನೇ ಗ್ರಂಥಭಾಷೆಯ ಪದವಿಗೆ ಏರಿಸಿದವರು ವೂಕ್ ಸ್ಟೆಫಾನೊವಿಚ್ ಕರಾಜಿಚ್ (೧೭೮೭–೧೮೬೪). ‘ವೂಕ್’ ಎಂದರೆ ತೋಳ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಮಾಟಗಾತಿಯರು ಮುಟ್ಟದಿರಲೆಂದು ಇಟ್ಟ ಹೆಸರು ಅದು. ನಮ್ಮಲ್ಲಿ ಇದೇ ಭಯದಿಂದ ತಿಪ್ಪಯ್ಯನೆಂದು ಹೆಸರಿಡುವ ರೂಢಿಯು ವಾಚಕರಿಗೆ ತಿಳಿದೇ ಇದೆ. ವೂಕರ ನಿಘಂಟು ೧೮೧೮ರಲ್ಲಿ ಹೊರಬಿದ್ದಿತು. ಅದರಲ್ಲಿ ಅವರು ಸ್ವರಚಿಹ್ನೆಗಳನ್ನೂ ಕೊಟ್ಟರು. ಅವರ ಅನುಯಾಯಿಯಾದ ಜೂರ ದಾನಿಚಿಚ್ ಅವರು ಈ ಸ್ವರಪದ್ಧತಿಯನ್ನು ಪರಿಷ್ಕರಿಸಿದರು. ಧರ್ಮಪೀಠವೂ ಪಂಡಿತರೂ ಬಹುಕಾಲ ವಿರೋಧಿಸಿದ ವೂಕರ ಲಿಪಿಯು ೧೮೬೮ರಲ್ಲಿ ಸರ್ಬಿಯಾದಲ್ಲಿ ಪೂರ್ಣವಾಗಿ ಅಂಗೀಕೃತವಾಯಿತು. ಅವರು ತೀರಿಕೊಂಡ ೧೮೬೪ನೆಯ ವರ್ಷದಲ್ಲಿಯೇ ಲಿಥುವೇನಿಯನ್ ಭಾಷೆಗೆ ಕಷ್ಟಕಾಲವು ಆರಂಭವಾಯಿತು. ರಷ್ಯದ ಚಕ್ರಾಧಿಪತ್ಯವು ಲ್ಯಾಟಿನ್ ಲಿಪಿಯಲ್ಲಿ ಆ ಭಾಷೆಯ ಮುದ್ರಣವನ್ನು ನಿಷೇಧಿಸಿತು. ೧೯೦೪ರ ವರೆಗೆ, ನಲವತ್ತು ವರ್ಷಗಳ ಕಾಲ, ಗಡಿಯಾಚೆ ಪ್ರಷ್ಯಾದ ಟಿಲ್ಸಿಟ್ ಮುಂತಾದ ಊರುಗಳಲ್ಲಿ ಅಚ್ಚಾದ ಪುಸ್ತಕಗಳನ್ನು ‘ಪುಸ್ತಕವಾಹಕ’ರೆಂಬ ಜನರು ಪ್ರಾಣಭಯವನ್ನು ಲಕ್ಷಿಸದೆ ಒಳಕ್ಕೆ ಸಾಗಿಸುತ್ತಿದ್ದರು. ಆ ನಿಷೇಧದ ಕಾಲದಲ್ಲಿಯೇ, ೧೯೦೧ರಲ್ಲಿ, ಯೋನಸ್ ಯಬ್ಲೋನ್ಸ್ಕಿಸ್ ಅವರು ಗುಪ್ತನಾಮದಿಂದ ಪ್ರಕಟಿಸಿದ ವ್ಯಾಕರಣವು ಇಂದಿನ ಗ್ರಾಂಥಿಕ ಲಿಥುವೇನಿಯನ್ನಿಗೆ ತಳಹದಿಯಾಯಿತು.

ಹೀಗೆ ಪೀಡೆಗೊಳಗಾದ ಒಂದು ಚಿಕ್ಕ ಜನಾಂಗಕ್ಕೆ ತನ್ನ ಭಾಷೆಯು ಸಂಸ್ಕೃತದಷ್ಟು ಪ್ರಾಚೀನವೆಂಬ ಮಾತು ಎಷ್ಟು ಧೈರ್ಯವನ್ನು ಕೊಟ್ಟಿರಬೇಕೆಂಬುದನ್ನೂ, ಪೀಡಕರ ಭಾಷೆಯೊಡನೆ ಅದಕ್ಕೆ ರಕ್ತಸಂಬಂಧವುಂಟೆಂಬ ಮಾತು ಎಷ್ಟು ಅಪ್ರಿಯವಾಗಬಹುದೆಂಬುದನ್ನೂ ಸಹೃದಯರು ಊಹಿಸಬಲ್ಲರು. ಆದರೆ ಧೈರ್ಯ ಕೊಡುವ ಮಾತೆಲ್ಲವೂ ಸತ್ಯವಾಗದು. ಅಪ್ರಿಯವಾದ ಮಾತೆಲ್ಲವೂ ಅಸತ್ಯವಾಗದು. ಬಂಧುತ್ವವು ಅಧೀನತೆಯೂ ಅಲ್ಲ. ಸರ್ಬಿಯನ್ನಿನ ನಿದರ್ಶನವು ಇಲ್ಲಿಯೂ ಉಪಕಾರಿ: ಲಿಥುವೇನಿಯಾವನ್ನು ಎಂದೂ ಆಳದ, ಅದರ ಗಡಿಯನ್ನು ಎಂದೂ ಮುಟ್ಟದ ಒಂದು ಜನಾಂಗದ ಮಾತಿನಲ್ಲಿ ಅದೇ ಸ್ವರ, ಅದೇ ಷಷ್ಠಿ, ಅದೇ ‘ತಲೆ’, ಅದೇ ‘ಕೈ’ ಕೇಳಿಬರುತ್ತವೆ.

ಈ ವಿಚಾರದಿಂದ ಕನ್ನಡಿಗರಾದ ನಮಗೂ ಒಂದು ಪ್ರಯೋಜನವುಂಟು. ದ್ರಾವಿಡಭಾಷೆಗಳಲ್ಲಿ ಯಾವುದು ಹಿರಿದೆಂಬ ವಾದವು ನಮ್ಮಲ್ಲಿ ಆಗಾಗ್ಗೆ ತಲೆಯೆತ್ತುತ್ತದೆ. ತಮಿಳಿನ ‘ಪಾಲ್’ ಎಂಬಲ್ಲಿ ಮೂಲದ ಪಕಾರವು ಉಳಿದಿದೆ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತು. ಕನ್ನಡದ ‘ಕಿವಿ’ಯಲ್ಲಿ ಮೂಲದ ಕಕಾರವು ಉಳಿದಿದೆ, ತಮಿಳಿನಲ್ಲಿ ಅದು ‘ಚೆವಿ’ ಎಂದು ತಾಲವ್ಯವಾಯಿತು. ‘ಕೆತುರಿ’, ‘ಚೆತಿರಿ’ ಎಂಬ ಭೇದವೇ ನಮ್ಮ ಮನೆಬಾಗಿಲಿನಲ್ಲಿಯೂ ನಡೆದಿದೆ. ಒಂದು ಭಾಷೆಯನ್ನು ಇಡಿಯಾಗಿ ಪ್ರಾಚೀನವೆಂದೋ ಅರ್ವಾಚೀನವೆಂದೋ ಕರೆಯುವುದು ಶಾಸ್ತ್ರಸಮ್ಮತವಾದ ಮಾತಲ್ಲ. ಭಾಷೆಯೊಳಗಿನ ಒಂದೊಂದು ವರ್ಣಕ್ಕೂ ಒಂದೊಂದು ಪ್ರತ್ಯಯಕ್ಕೂ ತನ್ನದೇ ಆದ ವಯಸ್ಸಿದೆ.

ಲಿಥುವೇನಿಯನ್ ಭಾಷೆಯು ಸಂಸ್ಕೃತದ ಅನೇಕ ರೂಪಗಳಿಗೆ ಕನ್ನಡಿಯಾಗಿದೆಯೆಂಬುದನ್ನು ನಮ್ಮ ಅಧ್ಯಾಪಕರು ಮುಂದೆಯೂ ಸಂತೋಷದಿಂದ ಹೇಳಬಹುದು. ಆದರೆ ಅದರ ಜತೆಗೆ, ವೇದದ ಭಾಷೆಗೆ ನಿಕಟಬಂಧುಗಳು ಅವೆಸ್ತಾದ ಭಾಷೆಯೇ ಮೊದಲಾದ ಇರಾನೀ ಭಾಷೆಗಳೆಂದೂ, ಲಿಥುವೇನಿಯನ್ನಿಗೆ ಲಾಟ್ವಿಯನ್ನನ್ನು ಬಿಟ್ಟರೆ ಇಂದು ಬದುಕಿರುವ ನಿಕಟಬಂಧುಗಳು ಸ್ಲಾವಿಕ್ ಭಾಷೆಗಳೆಂದೂ ಹೇಳುವುದು ಅವರ ಕರ್ತವ್ಯ. ‘ವಿಲ್ಕಸ್’ ಎಂಬುದನ್ನು ಕಪ್ಪುಹಲಗೆಯ ಮೇಲೆ ‘ವೃಕಃ’ ಎಂಬುದರ ಪಕ್ಕದಲ್ಲಿ ಬರೆಯುವಾಗ, ಪದಾಂತವನ್ನು ಕಳೆದುಕೊಂಡು ಸ್ವರವನ್ನು ಕಾಪಾಡಿಕೊಂಡ ‘ವೂಕ್’ ಎಂಬುದಕ್ಕೂ ಒಂದು ಸಾಲು ಸ್ಥಳವನ್ನು ಬಿಡಬೇಕೆಂದು ವಿದ್ವಾಂಸರಲ್ಲಿ ನಮ್ಮ ಪ್ರಾರ್ಥನೆ.